ಮಾಯಾಲೋಕದ ಚಿತ್ರಕ್ಕೆ ಮನೆಮಂದಿಯನ್ನು ಕರೆದೊಯ್ಯುವ ಮುನ್ನ: ಪ್ರೇಕ್ಷಕರ ಅಭಿಪ್ರಾಯವನ್ನು ಓದುವ ಮತ್ತು ಬರೆಯುವ ಬಗೆ

ಏಪ್ರಿಲಿನಲ್ಲಿ ಶಾಲೆಯ ಪರೀಕ್ಷೆಗಳು ಮುಗಿದು ರಜೆ ಶುರುವಾದರೆ ಸಾಕು, ಮಂಗಳೂರು ಮತ್ತು ಉಡುಪಿಯ ಮನೆಗಳಲ್ಲಿ ಸಿನಿಮಾದ ಮಾತು ಏಳುತ್ತದೆ. ಮಾಂತ್ರಿಕರು, ಹಾರುವ ಪ್ರಾಣಿಗಳು, ಮಾತನಾಡುವ ಮರಗಳು ಇರುವ ಹೊಸ ಚಿತ್ರವೊಂದು ಬಂದಿರುತ್ತದೆ. ಮುಂಬಯಿಯಿಂದಲೋ ದುಬೈಯಿಂದಲೋ ರಜೆಗೆ ಬಂದ ನೆಂಟರ ಮಕ್ಕಳೂ ಸೇರಿ ಗುಂಪು ದೊಡ್ಡದಾಗಿರುತ್ತದೆ. ನಾಲ್ಕು ವರ್ಷದ ಮಗುವಿನಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಿಯವರೆಗೆ ಎಲ್ಲರನ್ನೂ ಒಂದೇ ಆಟಕ್ಕೆ ಕೂರಿಸಬೇಕಾಗಿರುತ್ತದೆ. ಆಗ ನಾವು ಮೊದಲೇ ನೋಡಿ ಬಂದವರನ್ನು ಕೇಳುತ್ತೇವೆ. ಸಿಗುವ ಉತ್ತರ "ಚಂದ ಉಂಟು, ಮಕ್ಕಳಿಗೆ ಖುಷಿ ಆಗ್ತದೆ" ಎಂದಿರುತ್ತದೆ, ಇಲ್ಲವೇ "ಎಂತ ಇಲ್ಲ, ದುಡ್ಡು ದಂಡ" ಎಂದಿರುತ್ತದೆ. ಎರಡೂ ಪ್ರಾಮಾಣಿಕವಾದ ಮಾತುಗಳೇ; ಆದರೆ ಇವೆರಡರಲ್ಲಿ ಯಾವುದನ್ನು ನಂಬಿಯೂ ಟಿಕೆಟ್ ತೆಗೆಯಲು ಆಗುವುದಿಲ್ಲ.

ಬೇರೆಯವರ ಅಭಿಪ್ರಾಯದಿಂದ ನಮ್ಮ ಮನೆಗೆ ಬೇಕಾದ ವಿಷಯವನ್ನು ಹೇಗೆ ಹೆಕ್ಕಿಕೊಳ್ಳಬೇಕು, ನಾವು ನೋಡಿ ಬಂದ ಮೇಲೆ ಮತ್ತೊಬ್ಬರಿಗೆ ಉಪಯೋಗವಾಗುವಂತೆ ಹೇಗೆ ಬರೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕುಟುಂಬದೊಂದಿಗೆ ನೋಡುವ ಚಿತ್ರದ ವಿಷಯದಲ್ಲಿ "ಚೆನ್ನಾಗಿದೆಯೇ" ಎಂದು ಕೇಳುವುದಕ್ಕಿಂತ "ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಭಾಷೆಯಲ್ಲಿ, ಯಾರ ಪಕ್ಕದಲ್ಲಿ ಕುಳಿತು ನೋಡಿದಾಗ ಚೆನ್ನಾಗಿತ್ತು" ಎಂದು ಕೇಳುವುದೇ ಮುಖ್ಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಮುಂದೆ ಹೇಳುವುದೆಲ್ಲ ಈ ಪ್ರಶ್ನೆಯ ವಿಸ್ತಾರವೇ.

ಪ್ರಮಾಣಪತ್ರ ಮತ್ತು ಅಂಕಗಳು

ಅಭಿಪ್ರಾಯಗಳನ್ನು ಓದಲು ತೊಡಗುವ ಮುನ್ನ ಚಿತ್ರಕ್ಕೆ ಸಿಕ್ಕಿರುವ ಪ್ರಮಾಣಪತ್ರವನ್ನು ನೋಡಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಅಡಿಯಲ್ಲಿ ಕೇಂದ್ರ ಚಲನಚಿತ್ರ ಪ್ರಮಾಣನ ಮಂಡಳಿ ಇದನ್ನು ಕೊಡುತ್ತದೆ. ಎಲ್ಲರೂ ನೋಡಬಹುದಾದ ಚಿತ್ರಕ್ಕೆ 'ಯು', ವಯಸ್ಕರಿಗೆ ಮಾತ್ರ ಮೀಸಲಾದ ಚಿತ್ರಕ್ಕೆ 'ಎ' ಎಂಬುದು ಎಲ್ಲರಿಗೂ ಗೊತ್ತಿದೆ. ಇವೆರಡರ ನಡುವೆ ಇದ್ದ 'ಯುಎ' ವಿಭಾಗವನ್ನು 2023ರ ತಿದ್ದುಪಡಿ ಮತ್ತು 2024ರ ಹೊಸ ನಿಯಮಗಳ ಮೂಲಕ ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿ ಒಡೆಯಲಾಗಿದೆ. ಇಲ್ಲಿರುವ ಸಂಖ್ಯೆ ಮಕ್ಕಳ ಪ್ರವೇಶವನ್ನು ತಡೆಯುವುದಿಲ್ಲ. ಆ ವಯಸ್ಸಿಗಿಂತ ಚಿಕ್ಕ ಮಕ್ಕಳಿಗೆ ತೋರಿಸಬೇಕೇ ಬೇಡವೇ ಎಂಬುದನ್ನು ತಂದೆ ತಾಯಿ ಯೋಚಿಸಿ ನಿರ್ಧರಿಸಲಿ ಎಂದು ಹೇಳುತ್ತದೆ. ಆ ಯೋಚನೆಗೆ ಬೇಕಾದ ಸಾಮಗ್ರಿ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಅದನ್ನು ಪ್ರೇಕ್ಷಕರ ಮಾತಿನಲ್ಲಿಯೇ ಹುಡುಕಬೇಕು.

ಸರಣಿಯಾಗಿ ಬರುವ ಚಿತ್ರಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹ್ಯಾರಿ ಪಾಟರ್ ಚಿತ್ರಗಳನ್ನೇ ತೆಗೆದುಕೊಂಡರೆ, 2001ರಲ್ಲಿ ಬಂದ ಮೊದಲ ಚಿತ್ರಕ್ಕೆ ಅಮೆರಿಕದಲ್ಲಿ 'ಪಿಜಿ' (ತಂದೆ ತಾಯಿಯ ಮಾರ್ಗದರ್ಶನ ಇರಲಿ) ದರ್ಜೆ ಸಿಕ್ಕಿತ್ತು. 2005ರಲ್ಲಿ ಬಂದ ನಾಲ್ಕನೆಯ ಚಿತ್ರದ ಹೊತ್ತಿಗೆ ಕಥೆ ಕಪ್ಪಾಗಿ, ದರ್ಜೆ 'ಪಿಜಿ-13'ಕ್ಕೆ (ಹದಿಮೂರರ ಒಳಗಿನವರಿಗೆ ಕೆಲವು ಭಾಗ ತಕ್ಕದ್ದಲ್ಲದಿರಬಹುದು ಎಂಬ ಎಚ್ಚರಿಕೆ) ಏರಿತ್ತು. ಮೊದಲ ಭಾಗದ ಬಗ್ಗೆ ಯಾರೋ ಬರೆದ ಮೆಚ್ಚುಗೆಯನ್ನು ಓದಿ ನಾಲ್ಕನೆಯ ಭಾಗವನ್ನು ಆರು ವರ್ಷದ ಮಗುವಿಗೆ ತೋರಿಸಿದರೆ ಅದು ಅಭಿಪ್ರಾಯ ಬರೆದವರ ತಪ್ಪಲ್ಲ. ಆದ್ದರಿಂದ ಓದುತ್ತಿರುವ ಅಭಿಪ್ರಾಯ ಯಾವ ಭಾಗದ ಕುರಿತಾದದ್ದು, ಯಾವ ವರ್ಷದ್ದು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇನ್ನು ಅಂಕಗಳು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾವಾರು ಚಿತ್ರಕ್ಕೆ ಸಿಕ್ಕ ಸರಾಸರಿ ಅಂಕವಲ್ಲ. ಎಷ್ಟು ಮಂದಿ ವಿಮರ್ಶಕರು ಒಟ್ಟಾರೆ ಒಪ್ಪಿಗೆ ಸೂಚಿಸಿದರು ಎಂಬ ಪ್ರಮಾಣ. ನೂರು ಜನರೂ "ಪರವಾಗಿಲ್ಲ, ನೋಡಬಹುದು" ಎಂದರೆ ಅಲ್ಲಿ ನೂರಕ್ಕೆ ನೂರು ಬರುತ್ತದೆ. ಅದೇ ತಾಣದಲ್ಲಿ ಪ್ರೇಕ್ಷಕರ ಪ್ರಮಾಣವನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಎರಡೂ ಕಡೆಯ ನಾಲ್ಕು ಸಾಲುಗಳನ್ನಾದರೂ ಓದಬೇಕು. ಸಿನಿಮಾಗಳಿಗೆ ಜನರು ಅಂಕ ಕೊಡುವ ಇನ್ನೊಂದು ತಾಣವಾದ ಐಎಂಡಿಬಿಯಲ್ಲಿ ಮತ ಹಾಕುವವರು ಬಹುಪಾಲು ವಯಸ್ಕರು, ಅದರಲ್ಲಿಯೂ ಸಿನಿಮಾದ ಗೀಳಿನವರು. ಏಳು ವರ್ಷದ ಹುಡುಗಿಯ ಸಂತೋಷಕ್ಕೆ ಅಲ್ಲಿ ಮತವಿಲ್ಲ. ಬುಕ್‌ಮೈಶೋದಲ್ಲಿ ಬಿಡುಗಡೆಯಾದ ಮೊದಲ ದಿನ ಬೀಳುವ ಅಂಕಗಳು ಅಭಿಮಾನಿಗಳ ಉತ್ಸಾಹದಿಂದ ಕೂಡಿರುವುದು ಸಹಜ. ಎಲ್ಲೆಡೆಯೂ ಒಂದು ಸಮಾನ ಅಂಶವಿದೆ: ಬಹಳ ಮೆಚ್ಚಿದವರು ಮತ್ತು ಬಹಳ ಸಿಟ್ಟಾದವರು ಬರೆಯುತ್ತಾರೆ, ನಡುವಿನವರು ಸುಮ್ಮನೆ ಮನೆಗೆ ಹೋಗುತ್ತಾರೆ. ನಮಗೆ ಬೇಕಾದ ಮಾತು ಹೆಚ್ಚಾಗಿ ಈ ನಡುವಿನವರ ಬಳಿ ಇರುತ್ತದೆ. ಹಾಗಾಗಿ ಐದು ನಕ್ಷತ್ರ ಮತ್ತು ಒಂದು ನಕ್ಷತ್ರದ ಬರಹಗಳನ್ನು ಬದಿಗಿಟ್ಟು, ಮೂರು ನಕ್ಷತ್ರ ಕೊಟ್ಟವರ ಬರಹವನ್ನು ಮೊದಲು ಓದುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ ಎಂಬ ಎರಡನ್ನೂ ಬರೆಯುವವರು ಅವರೇ.

ಭಯದ ವಿಷಯ

ಮಾಯೆಯ ಕಥೆಯಲ್ಲಿ ಭಯ ಇದ್ದೇ ಇರುತ್ತದೆ, ಇರಬೇಕು ಕೂಡ. ಆದರೆ "ಸ್ವಲ್ಪ ಹೆದರಿಕೆ ಉಂಟು" ಎಂಬ ಮಾತಿನಿಂದ ಪ್ರಯೋಜನವಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಸಿನಿಮಾ ಮತ್ತು ಟಿವಿ ನೋಡುವ ಮಕ್ಕಳ ಭಯದ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಜೋಆನ್ ಕ್ಯಾಂಟರ್ ಅವರು ಗುರುತಿಸಿದ ಒಂದು ವ್ಯತ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸುಮಾರು ಏಳು ವರ್ಷದವರೆಗಿನ ಮಕ್ಕಳು ಮುಖ್ಯವಾಗಿ ರೂಪಕ್ಕೆ ಹೆದರುತ್ತಾರೆ: ವಿಕಾರವಾದ ಮುಖ, ಒಮ್ಮೆಗೇ ಬದಲಾಗುವ ದೇಹ, ದೊಡ್ಡ ಬಾಯಿಯ ಪ್ರಾಣಿ. ಆ ಪ್ರಾಣಿ ಕಥೆಯಲ್ಲಿ ಒಳ್ಳೆಯದೇ ಆಗಿದ್ದರೂ ಅವರ ಭಯ ಕಡಿಮೆಯಾಗುವುದಿಲ್ಲ. ದೊಡ್ಡ ಮಕ್ಕಳು ರೂಪಕ್ಕೆ ಅಷ್ಟಾಗಿ ಅಂಜುವುದಿಲ್ಲ. ನಿಜವಾಗಿಯೂ ಆಗಬಹುದಾದ ಘಟನೆಗೆ ಅಂಜುತ್ತಾರೆ. ತಾಯಿ ಕಾಣೆಯಾಗುವುದು, ಮನೆಗೆ ಬೆಂಕಿ ಬೀಳುವುದು, ಗೆಳೆಯ ಸಾಯುವುದು ಅವರನ್ನು ಕಾಡುತ್ತದೆ. ಒಂದೇ ಚಿತ್ರವನ್ನು ನೋಡಿದ ಅಕ್ಕ ಮತ್ತು ತಮ್ಮ ಬೇರೆ ಬೇರೆ ದೃಶ್ಯಗಳಲ್ಲಿ ಕಣ್ಣು ಮುಚ್ಚಿಕೊಳ್ಳುವುದಕ್ಕೆ ಇದೇ ಕಾರಣ. ಹಾಗಾಗಿ ಅಭಿಪ್ರಾಯ ಓದುವಾಗ ಭಯ ಎಷ್ಟಿತ್ತು ಎಂಬುದಕ್ಕಿಂತ ಭಯ ಎಂಥದು ಎಂಬುದನ್ನು ಹುಡುಕಬೇಕು.

ಸಮಾಧಾನ ಪಡಿಸುವ ಬಗೆಯಲ್ಲಿಯೂ ಇದೇ ರೀತಿಯ ವ್ಯತ್ಯಾಸವಿದೆ. "ಇದು ನಿಜವಲ್ಲ, ಎಲ್ಲ ಗ್ರಾಫಿಕ್ಸ್" ಎಂಬ ವಿವರಣೆ ಹತ್ತು ವರ್ಷದ ಹುಡುಗನಿಗೆ ಸಾಕಾಗಬಹುದು; ನಾಲ್ಕು ವರ್ಷದ ಮಗುವಿಗೆ ಆ ಮಾತಿಗಿಂತ ತೊಡೆಯ ಮೇಲೆ ಕೂರಿಸಿಕೊಂಡು ತಬ್ಬಿಕೊಳ್ಳುವುದೇ ಮದ್ದು. ನೋಡಿ ಬಂದವರು "ಮಗು ಅತ್ತಿತು" ಎಂದಷ್ಟೇ ಹೇಳಿದರೆ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಎತ್ತಿಕೊಂಡಾಗ ಸುಮ್ಮನಾಯಿತೇ, ಹೊರಗೆ ಕರೆದುಕೊಂಡು ಹೋಗಬೇಕಾಯಿತೇ, ಮತ್ತೆ ಒಳಗೆ ಬರಲು ತಾನೇ ಕೇಳಿತೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ಕರಾವಳಿಯ ಮಕ್ಕಳಿಗೆ ಇಂಥ ಭಯದ ಪರಿಚಯ ಮೊದಲೇ ಇರುತ್ತದೆ. ಯಕ್ಷಗಾನದ ದೇವಿ ಮಹಾತ್ಮೆ ಆಟದಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತ, ಕುಳಿತ ಜನರ ನಡುವಿನಿಂದಲೇ ರಂಗಸ್ಥಳಕ್ಕೆ ಬರುವಾಗ ಅಜ್ಜನ ಪಂಚೆಗೆ ಮುಖ ಒತ್ತಿ, ಮತ್ತೆ ಮೆಲ್ಲಗೆ ಇಣುಕುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. "ನಮ್ಮ ಮಕ್ಕಳು ಬಣ್ಣದ ವೇಷ ನೋಡಿಯೇ ಬೆಳೆದವರು, ಸಿನಿಮಾಕ್ಕೆ ಹೆದರುತ್ತಾರೆಯೇ" ಎಂದು ಹಿರಿಯರು ಕೇಳುವುದರಲ್ಲಿ ಹುರುಳಿದೆ. ಆದರೂ ಎರಡು ಸಂದರ್ಭಗಳೂ ಒಂದೇ ಅಲ್ಲ. ಬಯಲಾಟದಲ್ಲಿ ಆಕಾಶ ಕಾಣುತ್ತದೆ, ಎದ್ದು ಚರುಮುರಿ ಅಂಗಡಿಯ ಕಡೆಗೆ ಹೋಗಬಹುದು, ವೇಷ ಕಟ್ಟುವ ಚೌಕಿಗೆ ಹೋಗಿ ಅದೇ ಮಹಿಷಾಸುರ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವುದನ್ನು ನೋಡಬಹುದು. ಚಿತ್ರಮಂದಿರದಲ್ಲಿ ಕತ್ತಲು ಪೂರ್ತಿಯಾದದ್ದು, ಸದ್ದು ನಾಲ್ಕೂ ಕಡೆಯಿಂದ ಬರುತ್ತದೆ, ರಾಕ್ಷಸನ ಮುಖ ಇಡೀ ಗೋಡೆಯಷ್ಟು ದೊಡ್ಡದಿರುತ್ತದೆ. ಸದ್ದಿನ ಬಗ್ಗೆ ಪ್ರೇಕ್ಷಕರು ಬರೆದಿದ್ದರೆ ಅದನ್ನು ತಪ್ಪದೆ ಓದಿ, ಚಿಕ್ಕವರಿಗೆ ಹಿಂದಿನ ಸಾಲಿನ ಆಸನವನ್ನು, ಹೊರಹೋಗುವ ಬಾಗಿಲಿಗೆ ಹತ್ತಿರವಿರುವ ತುದಿಯನ್ನು ಆರಿಸಿಕೊಳ್ಳಬೇಕು.

ಮಿನುಗುವ ಬೆಳಕಿನ ವಿಷಯವನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಪ್ರಸಾರವಾದ ಒಂದು ಕಾರ್ಟೂನ್ ಸಂಚಿಕೆಯಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ ಆರುನೂರಕ್ಕೂ ಹೆಚ್ಚು ಮಂದಿಯನ್ನು, ಮುಖ್ಯವಾಗಿ ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಮಂತ್ರದಂಡಗಳ ಕಾಳಗ ಎಂದರೆ ಕತ್ತಲಲ್ಲಿ ಮೇಲಿಂದ ಮೇಲೆ ಮಿಂಚು. ಮನೆಯಲ್ಲಿ ಫಿಟ್ಸ್ ತೊಂದರೆ ಇರುವ ಮಗುವಿದ್ದರೆ ವೈದ್ಯರನ್ನು ಕೇಳದೆ, ಅಂಥ ದೃಶ್ಯ ಎಷ್ಟು ಹೊತ್ತು ಇದೆ ಎಂದು ನೋಡಿದವರಿಂದ ತಿಳಿಯದೆ ಹೊರಡಬಾರದು.

ಮಾಯೆಗೆ ನಿಯಮವಿದೆಯೇ

ಮಾಯೆಯ ಚಿತ್ರದ ಗುಣವನ್ನು ಅಳೆಯಲು ನಾನು ಬಳಸುವ ಮುಖ್ಯ ಪ್ರಶ್ನೆ ಇದು, ಮತ್ತು ಪ್ರೇಕ್ಷಕರ ಅಭಿಪ್ರಾಯಗಳಲ್ಲಿ ಅತಿ ವಿರಳವಾಗಿ ಕಾಣುವುದೂ ಇದೇ. ದಂಡ ಬೀಸಿದೊಡನೆ ಬೇಕಾದುದೆಲ್ಲ ಆಗಿಬಿಡುವ ಕಥೆಯಲ್ಲಿ ಅಪಾಯಕ್ಕೆ ಬೆಲೆಯಿರುವುದಿಲ್ಲ. ಮಕ್ಕಳಿಗೂ ಅದು ಬೇಗ ಬೇಸರ ತರಿಸುತ್ತದೆ. ಮಹಾಭಾರತದ ಕಚನ ಕಥೆಯನ್ನು ನೆನಪಿಸಿಕೊಳ್ಳಿ. ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಅಸುರರ ಗುರು ಶುಕ್ರಾಚಾರ್ಯರಿಗೆ ಮಾತ್ರ ಗೊತ್ತು. ಅದನ್ನು ಕಲಿಯಲು ದೇವತೆಗಳ ಕಡೆಯಿಂದ ಬಂದ ಕಚ ಅವರ ಶಿಷ್ಯನಾಗುತ್ತಾನೆ. ಕಚನನ್ನು ಸುಟ್ಟ ಬೂದಿಯನ್ನು ಅಸುರರು ಮದ್ಯದಲ್ಲಿ ಬೆರೆಸಿ ಶುಕ್ರರಿಗೇ ಕುಡಿಸಿದಾಗ, ಅವನನ್ನು ಬದುಕಿಸಿದರೆ ಗುರುವಿನ ಹೊಟ್ಟೆ ಸೀಳುತ್ತದೆ, ಬದುಕಿಸದಿದ್ದರೆ ಅವನನ್ನು ಪ್ರೀತಿಸುವ ಮಗಳು ದೇವಯಾನಿಯ ದುಃಖಕ್ಕೆ ಕೊನೆಯಿಲ್ಲ. ಹೊಟ್ಟೆಯೊಳಗಿರುವ ಶಿಷ್ಯನಿಗೇ ವಿದ್ಯೆ ಕಲಿಸಿ, ಹೊರಬಂದ ಮೇಲೆ ಅವನಿಂದ ತಾನು ಬದುಕಬೇಕು ಎಂಬ ದಾರಿ ಆ ನಿಯಮದ ಒಳಗಿನಿಂದಲೇ ಹುಟ್ಟುತ್ತದೆ. ಕೊನೆಗೆ ದೇವಯಾನಿಯ ಶಾಪದಿಂದ ಆ ವಿದ್ಯೆ ಕಚನಿಗೇ ಫಲಿಸದೆ, ಅವನು ಕಲಿಸಿದವರಿಗೆ ಫಲಿಸುವಂತಾಗುತ್ತದೆ. ಶಕ್ತಿಗೆ ಮಿತಿ, ಮಿತಿಗೆ ಬೆಲೆ, ಬೆಲೆಗೆ ಉಪಾಯ ಎಲ್ಲವೂ ಇಲ್ಲಿವೆ. ಇಂಥ ಕಥೆಗಳನ್ನು ಅಜ್ಜಿಯ ಬಾಯಿಂದಲೋ, ವೇಷವಿಲ್ಲದೆ ಹಾಡು ಮಾತುಗಳಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲೋ ಕೇಳಿದ ಮಗು, ಪರದೇಶದ ಮಾಂತ್ರಿಕನ ಕಥೆಯನ್ನು ನೋಡುವಾಗಲೂ "ಅವನಿಗೆ ಅಷ್ಟು ಶಕ್ತಿ ಇದ್ದರೆ ಮೊದಲೇ ಯಾಕೆ ಹಾಗೆ ಮಾಡಲಿಲ್ಲ" ಎಂದು ಕೇಳುತ್ತದೆ. ಆ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿದೆಯೇ ಎಂಬುದನ್ನು ಅಭಿಪ್ರಾಯ ತಿಳಿಸಬೇಕು.

"ಗ್ರಾಫಿಕ್ಸ್ ಸೂಪರ್" ಎಂಬ ಮಾತಿಗೆ ಹೆಚ್ಚು ತೂಕ ಕೊಡಬೇಕಾಗಿಲ್ಲ. ಕುದ್ರೋಳಿ ಗಣೇಶ್ ಅವರ ಜಾದೂ ಪ್ರದರ್ಶನವನ್ನು ಎದುರಿನಲ್ಲಿ ಕುಳಿತು ನೋಡಿದ ಮಗು "ಅದು ಹೇಗಾಯಿತು" ಎಂದು ಮನೆಯವರೆಗೂ ಕೇಳುತ್ತ ಬರುತ್ತದೆ. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು ಎಂದು ತಿಳಿದಿರುವ ಇಂದಿನ ಮಕ್ಕಳಲ್ಲಿ ಸಿನಿಮಾ ಅಂಥ ಬೆರಗನ್ನು ಹುಟ್ಟಿಸಬೇಕಾದರೆ ಕಥೆಯ ಬಲವೇ ಬೇಕು.

ಮಾಯೆಯ ಬಗೆಯನ್ನೂ ಗಮನಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಮನೆಗಳು ಒಂದೇ ಬೀದಿಯಲ್ಲಿವೆ, ಮಕ್ಕಳು ಒಟ್ಟಿಗೇ ಚಿತ್ರಕ್ಕೆ ಹೋಗುತ್ತಾರೆ. ಪೊರಕೆಯ ಮೇಲೆ ಹಾರುವುದನ್ನು ನಗುತ್ತ ನೋಡುವ ತಂದೆ ತಾಯಿ, ಪ್ರೇತವನ್ನು ಕರೆಯುವ ಅಥವಾ ರಕ್ತ ಬಿಟ್ಟು ವಿಧಿ ನಡೆಸುವ ದೃಶ್ಯವನ್ನು ಮಕ್ಕಳಿಗೆ ತೋರಿಸಲು ಒಪ್ಪದಿರಬಹುದು. ಅದು ಅವರವರ ನಂಬಿಕೆಯ ವಿಷಯ. ಬರೆಯುವವರು ತೀರ್ಪು ಕೊಡದೆ, ಅಂಥ ದೃಶ್ಯ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ನೇರವಾಗಿ ತಿಳಿಸಿದರೆ ಸಾಕು. ಹಾಗೆಯೇ, ಚಿತ್ರದ ಮಾಟ ಮಂತ್ರವನ್ನು ವಿವರಿಸಲು ನಮ್ಮ ದೈವಾರಾಧನೆಯನ್ನು ಹೋಲಿಕೆಗೆ ಎಳೆದು ತರಬಾರದು. ಅದು ಜನರು ನಡೆದುಕೊಳ್ಳುವ ಆರಾಧನೆ. ಮನರಂಜನೆಯ ಅಳತೆಗೋಲಾಗಿ ಅದನ್ನು ಬಳಸುವುದು ಸರಿಯಲ್ಲ.

ಭಾಷೆ, 3ಡಿ ಮತ್ತು ಮಧ್ಯಂತರ

ಒಂದೇ ಚಿತ್ರದ ಬಗ್ಗೆ ಎರಡು ಮನೆಗಳ ಅಭಿಪ್ರಾಯ ಪೂರ್ತಿ ವಿರುದ್ಧವಾಗಿದ್ದರೆ, ಹಲವು ಸಲ ಕಾರಣ ಭಾಷೆಯಾಗಿರುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್, ಟಿವಿಯಲ್ಲಿ ಹಿಂದಿ ಎಂಬ ಸ್ಥಿತಿಯಲ್ಲಿ ಬೆಳೆಯುವ ಮಕ್ಕಳು ಕಥೆಯನ್ನು ಎಷ್ಟು ಹಿಡಿಯುತ್ತಾರೆ ಎಂಬುದು ಯಾವ ಭಾಷೆಯ ಆಟಕ್ಕೆ ಹೋದರು ಎಂಬುದನ್ನು ಅವಲಂಬಿಸಿದೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳಿಂದ ಇದ್ದ ತಡೆ ಸ್ಪರ್ಧೆಯ ಕಾಯ್ದೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿದ ಮೇಲೆ ದಾರಿ ತೆರೆದುಕೊಂಡಿದೆಯಾದರೂ, ಮಕ್ಕಳ ಪರದೇಶದ ಚಿತ್ರಗಳೆಲ್ಲ ಕನ್ನಡದಲ್ಲಿ ಸಿಗುವಂತಾಗಿಲ್ಲ. ಆರು ವರ್ಷದ ಮಗು ಓಡುವ ಉಪಶೀರ್ಷಿಕೆಯನ್ನು ಓದಲಾರದು. ಪಕ್ಕದಲ್ಲಿ ಕುಳಿತವರು ಪಿಸುಗುಟ್ಟಿ ಅನುವಾದಿಸುತ್ತ ಹೋದರೆ ಹಿಂದಿನ ಸಾಲಿನವರಿಗೆ ತೊಂದರೆ. ಕನ್ನಡದ ಆಟ ಇದ್ದರೆ ಅದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯ. ಕಲ್ಪನೆಯ ಲೋಕ ಮಗುವಿಗೆ ತನಗೆ ಗೊತ್ತಿರುವ ಮಾತಿನಲ್ಲಿ ಸಿಗಬೇಕು.

3ಡಿ ಬಗ್ಗೆ ಹೇಳುವುದಾದರೆ, ಕನ್ನಡಕ ದೊಡ್ಡವರ ಅಳತೆಯದಾಗಿದ್ದರೆ ಚಿಕ್ಕ ಮಕ್ಕಳ ಮೂಗಿನಿಂದ ಜಾರುತ್ತದೆ ಮತ್ತು ಕತ್ತಲ ದೃಶ್ಯಗಳು ಇನ್ನಷ್ಟು ಮಬ್ಬಾಗುತ್ತವೆ. 1984ರಲ್ಲಿ ಮಲಯಾಳದಲ್ಲಿ ಬಂದ ಭಾರತದ ಮೊದಲ 3ಡಿ ಚಿತ್ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ಕೂಡ ಮಕ್ಕಳು ಮತ್ತು ಮಾಯೆಯ ಕಥೆಯೇ ಆಗಿತ್ತು. ಅದನ್ನು ನೋಡಿದ ಹಿರಿಯರು ಇಂದಿನ 3ಡಿಯನ್ನು ಅದರೊಂದಿಗೆ ಹೋಲಿಸಿ ಮಾತನಾಡುವಾಗ ಆ ಮೊದಲ ಬೆರಗಿನ ಪಾಲನ್ನು ಕಳೆದು ಕೇಳಿಸಿಕೊಳ್ಳಬೇಕು. ಪರದೇಶದ ಚಿತ್ರಗಳಲ್ಲಿ ಮಧ್ಯಂತರಕ್ಕೆಂದು ಬರೆದ ಜಾಗ ಇರುವುದಿಲ್ಲ. ನಮ್ಮಲ್ಲಿ ಅದನ್ನು ನಡುವೆ ಎಲ್ಲೋ ಕತ್ತರಿಸಿ ಬಿಡುತ್ತಾರೆ. ಚಿತ್ರದ ಉದ್ದವನ್ನು, ರಾತ್ರಿಯ ಆಟವಾದರೆ ಕಾರ್ಕಳ ಅಥವಾ ಕುಂದಾಪುರದ ಕಡೆಗೆ ಹಿಂದಿರುಗುವ ಬಸ್ಸಿನ ಹೊತ್ತನ್ನು ನೋಡಿಕೊಂಡು ಟಿಕೆಟ್ ತೆಗೆಯಬೇಕು.

ಮಕ್ಕಳ ಅಭಿಪ್ರಾಯ ಕೇಳುವ ಕ್ರಮ

ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ "ಹೇಗಿತ್ತು ಮಗಾ" ಎಂದು ಕೇಳಿದರೆ "ಲಾಯ್ಕ್ ಇತ್ತು" ಎಂಬ ಒಂದೇ ಉತ್ತರ ಬರುತ್ತದೆ. ಟಿಕೆಟ್ ತೆಗೆದುಕೊಟ್ಟ ಮಾವನ ಮನಸ್ಸು ನೋಯಬಾರದೆಂಬ ತಿಳಿವಳಿಕೆ ಮಕ್ಕಳಿಗೂ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ನೋಡದೆ ಇದ್ದ ಒಬ್ಬರಿಗೆ ಕಥೆ ಹೇಳಲು ಅವರನ್ನು ಬಿಡಬೇಕು. ಚಿತ್ರದ ನಂತರ ಐಸ್‌ಕ್ರೀಮ್ ಅಂಗಡಿಯಲ್ಲಿ ಗಡ್‌ಬಡ್ ಮುಂದಿಟ್ಟುಕೊಂಡಿದ್ದ ಎಂಟು ವರ್ಷದ ಹುಡುಗಿಯೊಬ್ಬಳು, ಸುಳ್ಳು ಹೇಳಿದವರಿಗೆ ತೆರೆಯದ ಬಾಗಿಲಿನ ದೃಶ್ಯವನ್ನು ಮನೆಯಲ್ಲೇ ಉಳಿದು ಆಮೇಲೆ ಬಂದು ಸೇರಿದ್ದ ಅಜ್ಜಿಗೆ ವಿವರಿಸುತ್ತಿದ್ದಳು. ಉದ್ದನೆಯ ಚಮಚವನ್ನು ಲೋಟಕ್ಕೆ ಅಡ್ಡ ಇಟ್ಟು ಬಾಗಿಲು ಮಾಡಿದಳು. ತಮ್ಮ ಕೈಯಲ್ಲಿದ್ದ ಗೋಡಂಬಿಯನ್ನು ಹಿಂದೆ ಬಚ್ಚಿಟ್ಟುಕೊಂಡು "ನಾನು ತೆಗೀಲಿಲ್ಲ" ಎಂದಾಗ ಚಮಚವನ್ನು ಒತ್ತಿ ಹಿಡಿದು, "ಹಾಗಾದ್ರೆ ನಿಂಗೆ ತೆರೆಯುವುದಿಲ್ಲ" ಎಂದಳು. ಚಿತ್ರದ ನಿಯಮ ಮಗುವಿಗೆ ತಲುಪಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಮಕ್ಕಳು ಬಿಟ್ಟು ಮುಂದೆ ಹೋಗುವ ಭಾಗ ಅವರಿಗೆ ಅರ್ಥವಾಗದ್ದು ಅಥವಾ ಬೇಸರ ತಂದದ್ದು. ತಗ್ಗಿದ ದನಿಯಲ್ಲಿ ಹೇಳುವ ಭಾಗ ಹೆದರಿಸಿದ್ದು. ಕೇಳುವವರು ನಡುವೆ ತಿದ್ದಬಾರದು.

ಅಜ್ಜ ಅಜ್ಜಿಯರ ಮಾತನ್ನೂ ಬಿಡಬಾರದು. ಮಕ್ಕಳೊಂದಿಗೆ ಬಂದ ಕಾರಣಕ್ಕೆ ಮಾತ್ರ ಕುಳಿತಿದ್ದರೇ, ಕಥೆ ಅವರನ್ನೂ ಹಿಡಿಯಿತೇ ಎಂಬುದರಿಂದ ಅದು ನಿಜವಾಗಿ ಮನೆಮಂದಿಯ ಚಿತ್ರ ಹೌದೋ ಅಲ್ಲವೋ ಎಂಬುದು ತಿಳಿಯುತ್ತದೆ.

ಬರೆಯುವಾಗ

ಮೊದಲ ಸಾಲಿನಲ್ಲಿಯೇ ಯಾರೊಂದಿಗೆ, ಯಾವ ಹೊತ್ತಿನ ಆಟಕ್ಕೆ, ಯಾವ ಭಾಷೆಯಲ್ಲಿ ನೋಡಿದಿರಿ ಎಂಬುದನ್ನು ಹೇಳಿಬಿಡಬೇಕು. ನಂತರ ಮಾಯೆಯ ನಿಯಮವನ್ನು ಹೇಳಬಹುದು. ಆ ನಿಯಮದಿಂದ ಕಥೆ ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದನ್ನು ಹೇಳಬಾರದು. ಭಯದ ದೃಶ್ಯದ ವಿಷಯದಲ್ಲಿ ಮಾತ್ರ ಈ ಗುಟ್ಟು ಬೇಡ: ಸುಮಾರು ಯಾವ ಹೊತ್ತಿಗೆ ಬರುತ್ತದೆ, ಏನು ಕಾಣುತ್ತದೆ ಎಂಬುದನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಅದು ಇನ್ನೊಂದು ಮಗುವಿನ ರಾತ್ರಿಯ ನಿದ್ರೆಗೆ ಸಂಬಂಧಿಸಿದ್ದು. ಮಾದರಿಗೆ ಇಂಥ ಬರಹ ಸಾಕು:

"ನಾಲ್ಕು, ಎಂಟು ಮತ್ತು ಹದಿಮೂರು ವರ್ಷದ ಮಕ್ಕಳು ಹಾಗೂ ಅತ್ತೆಯವರೊಂದಿಗೆ ಭಾನುವಾರ ಮಧ್ಯಾಹ್ನ, ಹಿಂದಿ ಡಬ್ಬಿಂಗ್, 3ಡಿ ಅಲ್ಲದ ಆಟ. ಮಧ್ಯಂತರದವರೆಗೆ ಎಲ್ಲರೂ ನಕ್ಕರು. ಆಮೇಲೆ ಸುಮಾರು ಕಾಲು ಗಂಟೆಗೆ ನೆಲಮಾಳಿಗೆಯಲ್ಲಿ ಹೆಂಗಸೊಬ್ಬಳ ಮುಖ ಹಾವಾಗಿ ಬದಲಾಗುತ್ತದೆ, ಸದ್ದೂ ಜೋರು. ಚಿಕ್ಕವಳು ಅತ್ತು, ತೊಡೆಯ ಮೇಲೆ ಕುಳಿತು ಉಳಿದದ್ದನ್ನು ನೋಡಿದಳು. ಎಂಟು ವರ್ಷದವನಿಗೆ ಹಾವಿನ ಭಯವಾಗಲಿಲ್ಲ, ತಂದೆ ಕಲ್ಲಾಗುವಾಗ ಕೈ ಹಿಡಿದುಕೊಂಡ. ಪ್ರತಿ ಮಂತ್ರಕ್ಕೂ ಒಂದು ನೆನಪನ್ನು ತೆರಬೇಕು ಎಂಬ ನಿಯಮವನ್ನು ಚಿತ್ರ ಕೊನೆಯವರೆಗೆ ಉಳಿಸಿಕೊಂಡಿದೆ. ಪ್ರೇತ, ರಕ್ತದ ವಿಧಿ ಇಲ್ಲ. ಅತ್ತೆಗೆ ಹಾಡುಗಳು ಇಷ್ಟವಾದವು, ಕಾಳಗ ಉದ್ದವೆನಿಸಿತು. ಆರು ವರ್ಷದೊಳಗಿನ ಮಕ್ಕಳಾದರೆ ಇನ್ನಷ್ಟು ದೊಡ್ಡವರಾಗುವವರೆಗೆ ಕಾಯುವುದು ಒಳ್ಳೆಯದು."

ಇದರಲ್ಲಿ ನಕ್ಷತ್ರಗಳಿಲ್ಲ, ಹೊಗಳಿಕೆಯ ವಿಶೇಷಣಗಳಿಲ್ಲ. ಆದರೂ ಕಾಪುವಿನಲ್ಲಿ ಕುಳಿತ ತಾಯಿಯೊಬ್ಬರು ತಮ್ಮ ಐದು ವರ್ಷದ ಮಗನನ್ನು ಕರೆದೊಯ್ಯಬೇಕೇ ಎಂದು ಇದನ್ನು ಓದಿ ನಿರ್ಧರಿಸಬಲ್ಲರು. ಚಿತ್ರಮಂದಿರದ ಎಸಿ ತೀರ ತಣ್ಣಗಿತ್ತು, ಪಾಪ್‌ಕಾರ್ನ್ ದುಬಾರಿ ಎಂಬಂಥ ಮಾತುಗಳನ್ನು ಚಿತ್ರದ ಅಭಿಪ್ರಾಯದೊಂದಿಗೆ ಬೆರೆಸಬಾರದು. ಬೇಕಿದ್ದರೆ ಬೇರೆಯಾಗಿ ಬರೆಯಬೇಕು. ಮಕ್ಕಳ ಹೆಸರು, ಶಾಲೆ, ಫೋಟೋ ಯಾವುದನ್ನೂ ಸೇರಿಸಬಾರದು. ವಯಸ್ಸು ಮಾತ್ರ ಸಾಕು.

ನೋಡಿದ ರಾತ್ರಿಯೇ ಬರೆದಿಟ್ಟುಕೊಂಡರೂ ಎರಡು ದಿನ ಕಳೆದು ಹಂಚಿಕೊಳ್ಳುವುದು ಉತ್ತಮ. ಮಗು ದೀಪ ಆರಿಸಬೇಡಿ ಎಂದು ಹೇಳಿದರೆ, ಬಚ್ಚಲುಮನೆಗೆ ಒಬ್ಬನೇ ಹೋಗಲು ಹಿಂಜರಿದರೆ ಅದು ಗೊತ್ತಾಗುವುದು ಆಗಲೇ. ಅಂಗಳದಲ್ಲಿ ಕೋಲು ಹಿಡಿದು ಮಂತ್ರ ಹೇಳುವ ಆಟ ಶುರುವಾಗಿದೆಯೇ, ಆ ಆಟದಲ್ಲಿ ಯಾರ ಪಾತ್ರಕ್ಕೆ ಜಗಳ ನಡೆಯುತ್ತಿದೆ ಎಂಬುದನ್ನೂ ಗಮನಿಸಬಹುದು. ಎರಡನೆಯ ಸಲ ನೋಡಬೇಕೆಂದು ಮಕ್ಕಳು ಕೇಳಿದರೆ ಯಾವ ದೃಶ್ಯಕ್ಕಾಗಿ ಕೇಳುತ್ತಿದ್ದಾರೆ ಎಂದು ವಿಚಾರಿಸಿ, ಅದನ್ನು ಬರಹದ ಕೊನೆಯ ಸಾಲಾಗಿ ಸೇರಿಸಿ ಕಳುಹಿಸಬೇಕು.